ಚಿಗರಿ ಯಾರದು, ಲುಕ್ಸಾನು ಯಾರದು?

ಬೇಟೆ ಅಂದ ಕೂಡಲೇ ನಮ್ಮ ಮಂದಿಗೆ ಎರಡು ಚಿತ್ರ ನೆನಪಾಗುತ್ತವೆ. ಒಂದು, ಹಳೇ ಕಾಲದ ಸಂಸ್ಥಾನಿಕರು ಸತ್ತ ಹುಲಿಯ ಮೇಲೆ ಕಾಲಿಟ್ಟು ತೆಗೆಸಿಕೊಂಡ ಫೋಟೋ. ಇನ್ನೊಂದು, ರಾತ್ರಿ ಜೀಪಿನ ದೀಪ ಹಾಕಿ ಚಿಗರಿ ಹೊಡೆದು ಸಿಕ್ಕಿಬಿದ್ದವರ ಸುದ್ದಿ. ಇವೆರಡಕ್ಕೂ ಸೇರದ ಮೂರನೇ ನಮೂನೆಯ ಬೇಟೆಯೊಂದು ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿದೆ. ಸರಕಾರಿ ಜಮೀನಿನ ಮೇಲೆ, ಸರಕಾರದ ಚೀಟಿ ಪಡೆದು ಆಡುವ ಜಿಂಕೆ ಬೇಟೆ ಅದು. ಅದರಲ್ಲಿ ಬಂದೂಕು ಕೈಗೆ ಬರುವುದು ಕಟ್ಟಕಡೆಗೆ. ಮೊದಲು ಅರ್ಜಿ, ನಕ್ಷೆ, ಲೆಕ್ಕಪತ್ರ. ಗಡಿಯ ರೈತರೂ ವ್ಯಾಪಾರಸ್ಥರೂ ಇದನ್ನು ಒಮ್ಮೆ ತಿಳಿದು ನೋಡಬೇಕೆಂದು ನನ್ನ ಅಭಿಪ್ರಾಯ. ಬೇಟೆ ಕಲಿಯಲಿಕ್ಕಲ್ಲ, ಅದರ ಹಿಂದಿನ ಲೆಕ್ಕ ಕಲಿಯಲಿಕ್ಕೆ.

ನನಗೆ ಇದರ ಪರಿಚಯವಾದದ್ದು ಅಕ್ಕನ ಮಗನಿಂದ. ಅವನು ಕೊಲರಾಡೊ ರಾಜ್ಯದಲ್ಲಿ ನೆಲೆಸಿದ್ದಾನೆ. ಮೊದಲ ಬೇಟೆಯ ತಯಾರಿಯಲ್ಲಿ ಬಿದ್ದು, ಭಾನುವಾರಕ್ಕೊಮ್ಮೆ ಫೋನಿನಲ್ಲಿ ನನಗೆ ವರದಿ ಒಪ್ಪಿಸುತ್ತಾನೆ. "ಒಂದು ಜಿಂಕಿ ಹೊಡೀಲಿಕ್ಕೆ ಆರು ತಿಂಗಳ ತಯಾರಿ ಏನೋ?" ಅಂತ ನಾನು ನಕ್ಕರೆ, "ಮಾಮಾ, ಬಿತ್ತೂಕಿಂತ ಮುಂಚೆ ನೀವು ಹೊಲ ಎಷ್ಟು ತಿಂಗಳು ಹಸನ ಮಾಡ್ತೀರಿ?" ಅಂದ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಜಿಂಕೆಯ ಹೆಸರು ಮ್ಯೂಲ್ ಡಿಯರ್. ಮ್ಯೂಲ್ ಅಂದರೆ ಹೇಸರಗತ್ತೆ. ಕಿವಿ ಹೇಸರಗತ್ತೆಯ ಕಿವಿಯಷ್ಟು ಉದ್ದ ಇರುವುದರಿಂದ, 1804ರಿಂದ 1806ರವರೆಗೆ ಆ ಪ್ರದೇಶ ಹಾಯ್ದುಹೋದ ಲೂಯಿಸ್ ಮತ್ತು ಕ್ಲಾರ್ಕ್ ತಂಡದವರು ಆ ಹೆಸರಿಟ್ಟರು. ಬಾಲದ ತುದಿ ಕಪ್ಪು. ಗಂಡಿನ ಕೊಂಬು ಕವೆಯಾಗಿ ಒಡೆದು, ಕವೆ ಮತ್ತೆ ಕವೆಯಾಗುತ್ತದೆ. ಬೆದರಿದರೆ ನಾಲ್ಕೂ ಕಾಲು ಒಟ್ಟಿಗೆ ನೆಲಕ್ಕೆ ಊರಿ ಚೆಂಡಿನ ಹಾಗೆ ಪುಟಿಯುತ್ತ ಗುಡ್ಡ ಏರುತ್ತದೆ. ನಮ್ಮ ಚಿಗರಿ ಬಯಲಿನ ಪ್ರಾಣಿ. ಅದು ಗುಡ್ಡದ್ದು, ಕುರುಚಲು ಗಿಡದ್ದು. ಹುಲ್ಲಿಗಿಂತ ಚಿಗುರು, ಕಡ್ಡಿ ಅದಕ್ಕೆ ಪ್ರೀತಿ.

ಈಗ ಜಮೀನಿನ ವಿಷಯ. ನಮ್ಮಲ್ಲಿ ಗೈರಾಣ ಅಂದರೆ ಊರ ಪಕ್ಕದ ನಾಲ್ಕು ಎಕರೆ, ಅದರಲ್ಲೂ ಅರ್ಧ ಒತ್ತುವರಿ. ಅಮೆರಿಕದಲ್ಲಿ ಕೇಂದ್ರ ಸರಕಾರದ ಹೆಸರಿಗೆ ಇರುವ ಜಮೀನೇ ಸುಮಾರು 64 ಕೋಟಿ ಎಕರೆ; ದೇಶದ ಒಟ್ಟು ನೆಲದ ಕಾಲು ಭಾಗಕ್ಕಿಂತ ಹೆಚ್ಚು. ನೆವಾಡಾ ರಾಜ್ಯದಲ್ಲಂತೂ ನೂರಕ್ಕೆ 80 ಪಾಲು ಸರಕಾರದ್ದೇ. ಇದರಲ್ಲಿ ಬಹುಪಾಲು ಎರಡು ಇಲಾಖೆಗಳ ಕೈಯಲ್ಲಿದೆ: ಭೂ ನಿರ್ವಹಣಾ ಇಲಾಖೆ ಮತ್ತು ಅರಣ್ಯ ಇಲಾಖೆ. ಅಲ್ಲಿ ಯಾರು ಬೇಕಾದರೂ ನಡೆಯಬಹುದು, ಡೇರೆ ಹಾಕಬಹುದು. ಚೀಟಿ ಇದ್ದವರು ಬೇಟೆಯನ್ನೂ ಆಡಬಹುದು.

ಆದರೆ ನೆಲ ಕೇಂದ್ರದ್ದಾದರೂ ಅದರ ಮೇಲೆ ಮೇಯುವ ಜಿಂಕೆ ರಾಜ್ಯದ್ದು. ಜನರ ಪರವಾಗಿ ಅದನ್ನು ಕಾಯುವ ಹೊಣೆ ರಾಜ್ಯ ಸರಕಾರದ್ದು ಎಂಬುದು ಅಲ್ಲಿನ ಕಾನೂನಿನ ತಳಹದಿ. ಹಾಗಾಗಿ ಕೊಲರಾಡೊದ ಚೀಟಿ ಪಕ್ಕದ ವಯೋಮಿಂಗಿನಲ್ಲಿ ನಡೆಯುವುದಿಲ್ಲ. ರಾಜ್ಯದ ನಿವಾಸಿಗೆ ಒಂದು ದರ, ಹೊರಗಿನವನಿಗೆ ಸುಮಾರು ಹತ್ತು ಪಟ್ಟು. ಕೊಲರಾಡೊದ ನಿವಾಸಿ ಅನ್ನಿಸಿಕೊಳ್ಳಲು ಸತತ ಆರು ತಿಂಗಳು ಅಲ್ಲೇ ನೆಲೆಸಿದ್ದಕ್ಕೆ ದಾಖಲೆ ತೋರಿಸಬೇಕು. ಎರಡು ರಾಜ್ಯದ ನಡುವೆ ಬದುಕಿ, ಎರಡೂ ಕಡೆ ದಾಖಲೆ ಹಿಡಿದು ಓಡಾಡಿದ ನಮಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಜಿಂಕೆಗೆ ಮಾತ್ರ ಈ ಗಡಿ ಗೊತ್ತಿಲ್ಲ. ವಿಜ್ಞಾನಿಗಳು ಕೊರಳಿಗೆ ಪಟ್ಟಿ ಕಟ್ಟಿ, 255 ಎಂದು ನಂಬರು ಕೊಟ್ಟಿದ್ದ ಹೆಣ್ಣು ಜಿಂಕೆಯೊಂದು ವಯೋಮಿಂಗಿನ ಮರುಭೂಮಿಯಿಂದ ಹೊರಟು ಐಡಾಹೊ ರಾಜ್ಯದವರೆಗೆ, ಒಂದೇ ದಿಕ್ಕಿಗೆ 242 ಮೈಲು, ಅಂದರೆ ಸುಮಾರು 390 ಕಿಲೋಮೀಟರ್ ನಡೆಯಿತು. ಚಳಿಗಾಲ ಒಂದು ರಾಜ್ಯದಲ್ಲಿ, ಬೇಸಿಗೆ ಇನ್ನೊಂದರಲ್ಲಿ.

ತಯಾರಿಯ ಮೊದಲ ಹೆಜ್ಜೆ ಪಾಠ. ಕೊಲರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಯಾರೇ ಆಗಲಿ, ಬೇಟೆ ಶಿಕ್ಷಣ ಮುಗಿಸಿದ ಕಾರ್ಡು ಇಲ್ಲದೆ ಚೀಟಿ ಕೊಳ್ಳುವಂತಿಲ್ಲ. ಎರಡನೆಯದು ಅರ್ಜಿ. ಇಡೀ ರಾಜ್ಯವನ್ನು ಘಟಕಗಳಾಗಿ ಹಂಚಿದ್ದಾರೆ. ಯಾವ ಘಟಕ, ಯಾವ ವಾರ, ಬಿಲ್ಲೋ ಬಂದೂಕೋ, ಗಂಡೋ ಹೆಣ್ಣೋ, ಎಲ್ಲವನ್ನೂ ಏಪ್ರಿಲ್ ಮೊದಲ ವಾರದೊಳಗೆ ಬರೆದು ಕೊಡಬೇಕು. 1999ರಿಂದ ಅಲ್ಲಿ ಜಿಂಕೆ ಚೀಟಿಗಳಿಗೆ ಮಿತಿ ಹಾಕಿದ್ದಾರೆ. ಯಾವ ಘಟಕದಲ್ಲಿ ಎಷ್ಟು ಜಿಂಕೆ ಇವೆ, ಗಂಡು ಎಷ್ಟು, ಹೆಣ್ಣು ಎಷ್ಟು ಎಂದು ಅಂದಾಜು ಹಾಕಿ ಆಮೇಲೆ ಚೀಟಿ ನಿಗದಿ ಮಾಡುತ್ತಾರೆ. ಕೇಳಿದವರು ಹೆಚ್ಚಾದರೆ ಲಾಟರಿ. ಮೊದಲ ಆಯ್ಕೆ ಸಿಗದವನ ಖಾತೆಗೆ ಒಂದು ಅಂಕ ಜಮಾ. ಮುಂದಿನ ವರ್ಷ ಅಷ್ಟರಮಟ್ಟಿಗೆ ಅವನು ಮುಂದೆ. ಬೇಡಿಕೆಯ ಘಟಕಕ್ಕೆ ಹತ್ತಾರು ವರ್ಷ ಅಂಕ ಕೂಡಿಡುವವರೂ ಇದ್ದಾರೆ. ನನ್ನ ಅಳಿಯ ಅಂಥ ಹೆಸರುವಾಸಿ ಜಾಗದ ಆಸೆ ಬಿಟ್ಟು, ಸಲೀಸಾಗಿ ಚೀಟಿ ಸಿಗುವ ಸಾಧಾರಣ ಘಟಕ ಬರೆದ. ಇದು ವ್ಯಾಪಾರಸ್ಥರ ಬುದ್ಧಿ: ಮೊದಲ ವರ್ಷ ಅನುಭವವೇ ಲಾಭ.

ಮೂರನೆಯದು ನಕ್ಷೆ. ಅಲ್ಲಿನ ಸರಕಾರಿ ನಕ್ಷೆಯಲ್ಲಿ ಭೂ ನಿರ್ವಹಣಾ ಇಲಾಖೆಯ ಜಮೀನಿಗೆ ಹಳದಿ, ಅರಣ್ಯಕ್ಕೆ ಹಸಿರು, ರಾಜ್ಯದ್ದಕ್ಕೆ ನೀಲಿ, ಖಾಸಗಿಗೆ ಬಿಳಿ ಬಣ್ಣ. ಬೇಲಿ ಇಲ್ಲದಿದ್ದರೂ, ಫಲಕ ಇಲ್ಲದಿದ್ದರೂ, ಬಿಳಿ ಜಾಗದಲ್ಲಿ ಮಾಲೀಕನ ಒಪ್ಪಿಗೆ ಇಲ್ಲದೆ ಬೇಟೆ ಆಡುವುದು ಕೊಲರಾಡೊದಲ್ಲಿ ಅಪರಾಧ. ಗೊತ್ತಿರಲಿಲ್ಲ ಅಂದರೆ ನಡೆಯುವುದಿಲ್ಲ. ಗೊತ್ತು ಮಾಡಿಕೊಳ್ಳುವುದು ಬೇಟೆಗಾರನ ಕೆಲಸ.

ಬಾಂದುಕಲ್ಲಿನ ಜಗಳ ಅಲ್ಲೂ ಇದೆ. 1860ರ ದಶಕದಲ್ಲಿ ರೈಲು ಹಾಕಿಸಲು ಸರಕಾರ ಕಂಪನಿಗಳಿಗೆ ಜಮೀನು ಕೊಟ್ಟಿತು. ಒಂದು ಚೌಕ ಕಂಪನಿಗೆ, ಪಕ್ಕದ ಚೌಕ ಸರಕಾರಕ್ಕೆ, ಹೀಗೆ ಚದುರಂಗದ ಹಾಸಿನಂತೆ. ಸರಕಾರಿ ಚೌಕದಿಂದ ಇನ್ನೊಂದು ಸರಕಾರಿ ಚೌಕಕ್ಕೆ ಹೋಗಬೇಕಾದರೆ ಮೂಲೆಯಿಂದ ಮೂಲೆಗೇ ದಾಟಬೇಕು. 2021ರಲ್ಲಿ ವಯೋಮಿಂಗಿನ ಎಲ್ಕ್ ಮೌಂಟನ್ ಬಳಿ ಮಿಸೌರಿಯಿಂದ ಬಂದ ಬೇಟೆಗಾರರು ಖಾಸಗಿ ನೆಲಕ್ಕೆ ಕಾಲು ಸೋಕಿಸದೆ, ಮೂಲೆಯ ಮೇಲೆ ಏಣಿ ಇಟ್ಟು ದಾಟಿದರು. ಜಮೀನಿನ ಮಾಲೀಕರು ಬಿಡಲಿಲ್ಲ. 2022ರಲ್ಲಿ ಜ್ಯೂರಿ ಅವರನ್ನು ನಿರ್ದೋಷಿ ಅಂದಿತು. ಸಿವಿಲ್ ದಾವೆ ಮುಂದುವರಿದು 2025ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಬೇಟೆಗಾರರ ಪರ ತೀರ್ಪು ಕೊಟ್ಟಿತು. ಒಂದು ಏಣಿಯ ಸಲುವಾಗಿ ಮೂರು ವರ್ಷಕ್ಕೂ ಮೀರಿ ಕೋರ್ಟು! ಆದರೂ ಅಳಿಯನಿಗೆ ನಾನು ಹೇಳಿದ್ದು, "ತೀರ್ಪು ಇದ್ದರೂ ಇರಲಿ, ನೀನು ನೇರ ರಸ್ತೆ ಇರುವ ಹಸಿರು ಜಾಗವನ್ನೇ ಆರಿಸಿಕೊ."

ನಾಲ್ಕನೆಯದು ಪ್ರಾಣಿಯ ದಿನಚರಿ. ಬೇಸಿಗೆಯಲ್ಲಿ ಈ ಜಿಂಕೆ ಎತ್ತರದ ಗುಡ್ಡದಲ್ಲಿರುತ್ತದೆ; ಹಿಮ ಬಿದ್ದಂತೆ ಕೆಳಗಿಳಿಯುತ್ತದೆ. ಕೂಡುವ ಕಾಲ ನವೆಂಬರ್ ನಡುವೆ. ಬಂದೂಕಿನ ಬೇಟೆ ಅಕ್ಟೋಬರ್ ಕೊನೆಗೆ ಶುರುವಾಗುವುದರಿಂದ, ಮೇಲಿದೆಯೋ ಕೆಳಗಿಳಿದಿದೆಯೋ ಎಂಬುದು ಆ ವರ್ಷದ ಹವಾಮಾನದ ಕೈಯಲ್ಲಿ. ಎರಡಕ್ಕೂ ಒಂದೊಂದು ಜಾಗ ಗುರುತು ಮಾಡಿಟ್ಟುಕೊಳ್ಳಬೇಕು. ನಸುಕಿನಲ್ಲಿ, ಸಂಜೆಯಲ್ಲಿ ಮೇವು. ಮಧ್ಯಾಹ್ನ ನೆರಳಿನಲ್ಲಿ ಮಲಗು. ಹೊಸಬರು ಇಡೀ ದಿನ ಅಲೆಯುತ್ತಾರೆ. ಅನುಭವಸ್ಥರು ದಿಬ್ಬದ ಮೇಲೆ ಕೂತು ದುರ್ಬೀನಿನಲ್ಲಿ ಎದುರು ಗುಡ್ಡವನ್ನು ಅಂಗುಲ ಅಂಗುಲ ಹುಡುಕುತ್ತಾರೆ. ಬಿಸಿಲೇರಿದಂತೆ ಗಾಳಿ ಇಳಿಜಾರಿನಲ್ಲಿ ಮೇಲೇರುತ್ತದೆ, ಹೊತ್ತು ಮುಳುಗಿದ ಮೇಲೆ ಕೆಳಗಿಳಿಯುತ್ತದೆ. ಮನುಷ್ಯನ ವಾಸನೆ ಆ ಗಾಳಿಯಲ್ಲಿ ಹೋದರೆ ಆ ದಿನ ಮುಗಿದ ಹಾಗೆ. ನಮ್ಮ ಕುರಿ ಕಾಯುವವರು ಇದನ್ನು ಅಲ್ಲಿನವರಿಗೇ ಪಾಠ ಹೇಳಿಯಾರು.

ಐದನೆಯದು, ಗುಂಡು ಹಾರಿದ ನಂತರದ ಲೆಕ್ಕ. ಮ್ಯೂಲ್ ಡಿಯರ್ ಬಿದ್ದರೆ ಎಲುಬು ಬಿಡಿಸಿದ ಮೇಲೂ ಹೊರಲು 25–30 ಕಿಲೋ ಮಾಂಸ. ಸಮುದ್ರಮಟ್ಟದಿಂದ 2,500 ಮೀಟರ್ ಮೇಲೆ, ಉಸಿರು ಸಾಲದ ಎತ್ತರದಲ್ಲಿ, ಹಿಮದಲ್ಲಿ ಅದನ್ನು ಗಾಡಿಯವರೆಗೆ ಹೊರಬೇಕು. ತಿನ್ನಲು ಬರುವ ಮಾಂಸ ಬಿಟ್ಟು ಬಂದರೆ ಶಿಕ್ಷೆ. ಆದ್ದರಿಂದ ರಸ್ತೆಯಿಂದ ಎಷ್ಟು ದೂರ ಹೋಗಬೇಕೆಂದು ಮೊದಲೇ ನಿಶ್ಚಯಿಸಬೇಕು. ಹೊರಲಾಗದಷ್ಟು ದೂರದಲ್ಲಿ ಕಂಡ ಜಿಂಕೆಯನ್ನು ನೋಡಿ ಬಿಡಬೇಕು. ಹೊಡೆದ ಕೂಡಲೇ ಚೀಟಿ ಹರಿದು ಕಟ್ಟಬೇಕು. ಮೈಮೇಲೆ, ತಲೆಯ ಮೇಲೆ ಕಣ್ಣಿಗೆ ಹೊಡೆಯುವ ಕೇಸರಿ ಅಥವಾ ಗುಲಾಬಿ ಬಣ್ಣ ಇರಲೇಬೇಕು, ಇನ್ನೊಬ್ಬನ ಗುಂಡಿನಿಂದ ತಪ್ಪಿಸಿಕೊಳ್ಳಲು. ಜಿಂಕೆಗಳ ಮಿದುಳು ಕೊರೆಯುವ ರೋಗವೊಂದು 1967ರಲ್ಲಿ ಅದೇ ಕೊಲರಾಡೊದಲ್ಲಿ ಮೊದಲು ಕಾಣಿಸಿತು. ಕೆಲವು ಘಟಕಗಳಲ್ಲಿ ತಲೆಯನ್ನು ಪರೀಕ್ಷೆಗೆ ಕೊಡುವುದು ಕಡ್ಡಾಯ. ಫಲಿತಾಂಶ ಬರುವವರೆಗೆ ಮಾಂಸ ತಿನ್ನದಿರುವುದು ಜಾಣತನ.

ವ್ಯಾಪಾರಸ್ಥರು ಗಮನಿಸಬೇಕಾದ್ದು ಇನ್ನೊಂದಿದೆ. ಆ ಮಾಂಸವನ್ನು ಮಾರುವಂತಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಪೇಟೆಗೆ ಮಾರಲೆಂದೇ ಹೊಡೆದು ಹೊಡೆದು ಕಾಡುಪ್ರಾಣಿಗಳನ್ನು ಬರಿದು ಮಾಡಿದ್ದರು. 1900ರಲ್ಲಿ ಬಂದ ಲೇಸಿ ಕಾಯ್ದೆ, ಕಾನೂನು ಮೀರಿ ಹೊಡೆದ ಪ್ರಾಣಿಯನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ಅಪರಾಧ ಮಾಡಿತು. ಅಲ್ಲಿ ಜಿಂಕೆ ಉಳಿದದ್ದು ಬೇಟೆಗಾರನ ದಯೆಯಿಂದಲ್ಲ, ಪೇಟೆಯ ಬಾಗಿಲು ಮುಚ್ಚಿದ್ದರಿಂದ.

ಇನ್ನು ಹಣದ ಮಾತು. ಚೀಟಿಯ ಹಣ ರಾಜ್ಯದ ವನ್ಯಜೀವಿ ಇಲಾಖೆಗೆ ಹೋಗುತ್ತದೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರೈಫಲು, ಮದ್ದುಗುಂಡಿನ ಮೇಲೆ ನೂರಕ್ಕೆ 11ರ ತೆರಿಗೆ ವಸೂಲಾಗಿ, ಅದೂ ವನ್ಯಜೀವಿಗಳ ಕೆಲಸಕ್ಕೆಂದೇ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ನನ್ನ ಕಿವಿ ನಿಮಿರಿದ್ದು ಇದರ ಮುಂದಿನ ಮಾತಿಗೆ: ಕೊಲರಾಡೊದಲ್ಲಿ ಜಿಂಕೆ ರೈತನ ಬೆಳೆ, ಕೂಡಿಟ್ಟ ಮೇವು ತಿಂದರೆ ರಾಜ್ಯವೇ ಹೊಣೆ. ಪರಿಹಾರ ಬರುವುದು ಬೇಟೆಗಾರರು ಕಟ್ಟಿದ ಹಣದಿಂದ. ಬೇಟೆಗಾರರನ್ನು ವಿನಾಕಾರಣ ತಡೆದ ಜಮೀನುದಾರ ಆ ಹಕ್ಕು ಕಳೆದುಕೊಳ್ಳಬಹುದು. 160 ಎಕರೆ ಮೀರಿದ ಜಮೀನುದಾರರಿಗೆ ಚೀಟಿಗಳಲ್ಲಿ ಒಂದು ಪಾಲನ್ನೂ ಮೀಸಲಿಟ್ಟಿದ್ದಾರೆ. ಎಲ್ಲವೂ ಸರಿ ಇದೆ ಅಂತಲ್ಲ. ಆ ಪಾಲನ್ನು ಹಣವಂತರು ಕೊಂಡುಕೊಳ್ಳುತ್ತಾರೆ, ಸಣ್ಣ ರೈತ ಹೊರಗೇ ಉಳಿಯುತ್ತಾನೆ. ಆದರೂ ಜಮೀನು ಯಾರದು, ಜಿಂಕೆ ಯಾರದು, ಲುಕ್ಸಾನು ಯಾರದು ಎಂಬ ಮೂರು ಪ್ರಶ್ನೆಗಳಿಗೆ ಅಲ್ಲಿ ಬರೆದಿಟ್ಟ ಉತ್ತರ ಇದೆ.

ನಮ್ಮ ಕಡೆ ಬರೋಣ. ಕೃಷ್ಣಾ ದಂಡೆಯ ಕೃಷ್ಣಾ, ಮಾಗನೂರು ಮಂಡಲಗಳಲ್ಲಿ ಚಿಗರಿ ಹಿಂಡಿನ ಕಾಟ ಗೊತ್ತಿಲ್ಲದ ರೈತ ಇಲ್ಲ. ಮಳೆ ಬಿದ್ದು ಹತ್ತಿ, ತೊಗರಿ ಎರಡೆಲೆ ಒಡೆಯುವಷ್ಟರಲ್ಲಿ ಹಿಂಡು ಇಳಿಯುತ್ತದೆ. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ನಮ್ಮ ಹೊಲದ್ದು ಮುಗಿಸಿ ಯಾದಗಿರಿ ಕಡೆಗೆ ದಾಟುತ್ತದೆ, ಅಲ್ಲಿಂದ ಮತ್ತೆ ತೆಲಂಗಾಣಕ್ಕೆ. ಹಿಂಡು ಒಂದೇ, ಕಚೇರಿ ಎರಡು, ಅರ್ಜಿ ಎರಡು ಭಾಷೆಯಲ್ಲಿ, ದರವೂ ಒಂದೇ ಇಲ್ಲ. ಒಂದು ಕಚೇರಿಯಲ್ಲಿ ನನಗೇ ಹೇಳಿದರು: "ಹಿಂಡು ಆ ಕಡೆಯದು, ಅಲ್ಲೇ ಕೇಳ್ರಿ." ಚಿಗರಿಯ ಕೊರಳಿಗೆ ರೇಷನ್ ಕಾರ್ಡು ಕಟ್ಟಿರುತ್ತಾರೇನು?

ಹಾಗಂತ ನಮಗೂ ಬಂದೂಕು ಕೊಡಿ ಅಂತ ನಾನು ಕೇಳುವುದಿಲ್ಲ. ಈ ಮಾತು ಸ್ಪಷ್ಟ ಇರಲಿ. ಚಿಗರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ; ಅದನ್ನು ಹೊಡೆಯುವುದು ಜೈಲಿನ ದಾರಿ. ಗುಂಡು ಹಾರಿಸಲು ನಮ್ಮಲ್ಲಿ ಕೋಟಿಗಟ್ಟಲೆ ಎಕರೆ ಖಾಲಿ ನೆಲವೂ ಇಲ್ಲ; ಹಿಂಡಿನ ಆಚೆ ಬದುವಿಗೆ ಕಳೆ ತೆಗೆಯುವ ಹೆಣ್ಣುಮಕ್ಕಳು ಇರುತ್ತಾರೆ. ಕೇರಳ ಸರಕಾರ 2022ರಲ್ಲಿ ಬೆಳೆ ಹಾಳು ಮಾಡುವ ಕಾಡುಹಂದಿ ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟಿತು. ಕಾಸರಗೋಡಿನ ಓದುಗರಿಗೆ ಅದರ ಗುಣದೋಷ ಗೊತ್ತು. ಹಂದಿಯ ಮಾತು ಬೇರೆ, ಚಿಗರಿಯ ಮಾತು ಬೇರೆ.

ನಾವು ಎರವಲು ತರಬೇಕಾದ್ದು ಆ ಬೇಟೆಯ ಹಿಂದಿನ ಲೆಕ್ಕಪುಸ್ತಕವನ್ನು. ಮೊದಲನೆಯದು ಎಣಿಕೆ: ಎರಡೂ ರಾಜ್ಯದ ಅರಣ್ಯ ಇಲಾಖೆಗಳು ಒಂದೇ ದಿನ ಗಡಿಯ ಎರಡೂ ಕಡೆ ಹಿಂಡು ಎಣಿಸಲಿ. ಎರಡನೆಯದು ಹೊಣೆ: ಲುಕ್ಸಾನು ಯಾವ ಹೊಲದಲ್ಲಿ ಆಯಿತೋ ಆ ರಾಜ್ಯ, ಹಿಂಡು ಎಲ್ಲಿಂದ ಬಂತೆಂದು ಕೇಳದೆ, ಗೊತ್ತುಪಡಿಸಿದ ದಿನದೊಳಗೆ ಪರಿಹಾರ ಕೊಡಲಿ. ಮೂರನೆಯದು ಹಣ: ಕಾಡುಪ್ರಾಣಿ ತೋರಿಸಿ ಪ್ರವಾಸಿಗರಿಂದ ಗಳಿಸುವ ಹಣದಲ್ಲಿ ಒಂದು ಪಾಲು, ಆ ಪ್ರಾಣಿಗೆ ಮೇವು ಹಾಕುವ ರೈತನಿಗೆಂದು ತೆಗೆದಿಡಲಿ. ಚಿಗರಿ ದೇಶದ ಆಸ್ತಿ ಅಂತ ಒಪ್ಪೋಣ. ದೇಶದ ಆಸ್ತಿಯನ್ನು ಕೃಷ್ಣಾ ಮಂಡಲದ ಐದು ಎಕರೆ ರೈತ ಒಬ್ಬನೇ ಸಾಕಬೇಕು ಅಂದರೆ ಅದು ನ್ಯಾಯವಲ್ಲ.

ಇದಕ್ಕೆ ನಮ್ಮ ಕಡೆಯಿಂದಲೂ ತಯಾರಿ ಬೇಕು. ಮುಂಗಾರು ಬಿತ್ತನೆಗೆ ಮೊದಲು ಎರಡು ರೂಪಾಯಿಯ ಪೆನ್ನು, ಒಂದು ನೋಟುಬುಕ್ಕು ತಗೊಳ್ಳಿ. ಹಿಂಡು ಬಂದ ತಾರೀಖು, ಹೊತ್ತು, ಸರ್ವೆ ನಂಬರು, ಎಷ್ಟು ತಲೆ, ಯಾವ ಬೆಳೆ, ಎಷ್ಟು ಗುಂಟೆ ಹಾಳು ಎಂದು ಬರೆದಿಡಿ. ಫೋನಿನಲ್ಲಿ ಫೋಟೋ ತೆಗೆಯಿರಿ. ಗಡಿಯ ಆಚೆ ಹೊಲ ಇರುವ ಬೀಗರಿಗೂ ಹಾಗೇ ಬರೆದಿಡಲು ಹೇಳಿ. ಬರೆದಿಟ್ಟ ಲೆಕ್ಕ ಕೈಯಲ್ಲಿದ್ದರೆ ಯಾವ ಕಚೇರಿಯವರೂ "ಆ ಕಡೆ ಕೇಳ್ರಿ" ಅನ್ನಲು ಎರಡು ಸಲ ಯೋಚಿಸುತ್ತಾರೆ.