ಗಂಟೆಗಳು ಹೆಚ್ಚಿದವು, ಕೈಗಳು ಹೆಚ್ಚಲಿಲ್ಲ

ಗಿರಣಿಯ ಭೋಂಗಾ ಹಗಲಿರುಳೂ ಬಿಡದೆ ಕೂಗುತ್ತಿದ್ದರೆ ಪಾಳಿಯ ಹೊತ್ತಾದುದು ಯಾರಿಗೆ ತಿಳಿದೀತು? ಕೊಣ್ಣೂರ, ಗೋಕಾಕ ಫಾಲ್ಸುಗಳ ಕಾರ್ಮಿಕ ಬಂಧುಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ದವಾಖಾನೆಗಳ ಐಸಿಯುಗಳಲ್ಲಿ ಇಂದು ನಡೆದಿರುವುದು ಇದೇ. ರೋಗಿಯ ತಲೆಯ ಬಳಿ ಹೃದಯದ ಬಡಿತ, ರಕ್ತದೊತ್ತಡ ತೋರಿಸುವ ಮಾನಿಟರು, ಪಕ್ಕದಲ್ಲಿ ವೆಂಟಿಲೇಟರು, ಔಷಧಿ ಹನಿಸುವ ಪಂಪು. ಪ್ರತಿಯೊಂದಕ್ಕೂ ಅದರದೇ ಗಂಟೆ. ರೋಗಿ ಮಗ್ಗಲು ಬದಲಿಸಿದರೂ ಗಂಟೆ, ಬೆರಳಿನ ಕ್ಲಿಪ್ಪು ಜಾರಿದರೂ ಗಂಟೆ, ಪ್ರಾಣ ಹೋಗುವಾಗಲೂ ಗಂಟೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 77 ಐಸಿಯು ಹಾಸಿಗೆಗಳ ಗಂಟೆಗಳನ್ನು 31 ದಿನ ಲೆಕ್ಕವಿಟ್ಟು 2014ರಲ್ಲಿ ವರದಿ ಪ್ರಕಟಿಸಿದರು. ಕಿವಿಗೆ ಕೇಳುವ ಗಂಟೆಗಳೇ ಹಾಸಿಗೆಯೊಂದಕ್ಕೆ ದಿನಕ್ಕೆ 187! ಹೃದಯದ ಲಯ ತಪ್ಪಿತೆಂದು ಕೂಗಿದ 12,671 ಗಂಟೆಗಳನ್ನು ಪರೀಕ್ಷಿಸಿದಾಗ ನೂರಕ್ಕೆ 89ರಷ್ಟು ಸುಳ್ಳೆಂದು ತಿಳಿದುಬಂತು. ಈ ಸುಳ್ಳಿನ ಸಂತೆಯಲ್ಲಿ ನಿಜದ ಗಂಟೆ ಮುಳುಗಿಹೋಗುತ್ತದೆ. ಆ ದೇಶದ ದವಾಖಾನೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ನಿಗೆ 2009ರ ಜನವರಿಯಿಂದ 2012ರ ಜೂನಿನವರೆಗೆ ಗಂಟೆಗಳಿಗೆ ಸಂಬಂಧಿಸಿದ 98 ಅನಾಹುತಗಳ ವರದಿ ಬಂದಿತು. ಅವುಗಳಲ್ಲಿ 80 ಸಾವು.

ಇಂಥ ಸಾವಾದಾಗ ತಪ್ಪು ಯಾರದು? ಕೇಳಿಯೂ ಓಡಿಬರಲಿಲ್ಲವೆಂದು ದಾದಿಯತ್ತ ಬೆರಳು ತೋರಿಸುವುದು ಸುಲಭ. ಆದರೆ ಆ ಹೊತ್ತಿಗೆ ಆಕೆ ಎಷ್ಟು ಹಾಸಿಗೆ ನೋಡುತ್ತಿದ್ದಳು, ಎಷ್ಟನೆಯ ತಾಸಿನ ದುಡಿಮೆಯಲ್ಲಿದ್ದಳು ಎಂಬುದನ್ನು ಮೊದಲು ಕೇಳಬೇಕೆಂದು ನಾವು ಹೇಳುತ್ತೇವೆ. ಒಬ್ಬನು ಎಷ್ಟು ಕದಿರು ನೋಡಬಲ್ಲನು, ಎಷ್ಟು ಎಳೆ ಕಡಿದರೆ ಕೈ ಸೋಲುತ್ತದೆ ಎಂಬುದು ನೂಲುವವನಿಗೆ ಗೊತ್ತು. 1928ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ಆರು ತಿಂಗಳು ಸಂಪು ಹೂಡಿದ್ದು ಕೂಲಿಗಾಗಿ ಮಾತ್ರವಲ್ಲ. ಒಬ್ಬನ ತಲೆಗೆ ಹೆಚ್ಚು ಯಂತ್ರ ಕಟ್ಟುವುದರ ವಿರುದ್ಧವೂ ಆಗಿತ್ತು. ಗಿರಣಿಯಲ್ಲಿ ಎಳೆ ಕಡಿದರೆ ಹೊಸೆಯಬಹುದು. ಐಸಿಯುವಿನಲ್ಲಿ ಕಡಿಯುವ ಎಳೆ ಬೇರೆ.

ವೆಂಟಿಲೇಟರಿನ ಮೇಲಿರುವ ಪ್ರತಿ ರೋಗಿಗೂ ಒಬ್ಬ ದಾದಿ ಇರುವುದು ಯೋಗ್ಯವೆಂದು ನಮ್ಮ ದೇಶದ ಐಸಿಯು ವೈದ್ಯರ ಸಂಘವೇ ಹೇಳಿದೆ. ಯೂರೋಪಿನ ಒಂಬತ್ತು ದೇಶಗಳಲ್ಲಿ ಶಸ್ತ್ರಚಿಕಿತ್ಸೆಯಾದವರನ್ನು ಕುರಿತು 2014ರಲ್ಲಿ ಬಂದ ಅಧ್ಯಯನದಂತೆ, ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಸಾವಿನ ಸಂಭವ ನೂರಕ್ಕೆ 7ರಷ್ಟು ಏರುತ್ತದೆ. ಯಂತ್ರ ಕೊಂಡು ತಂದರೆ ಸಾಲದೆಂಬುದನ್ನು 2021ರ ಕೋವಿಡ್ ಅಲೆಯಲ್ಲಿ ಕಂಡೆವು. ನಡೆಸುವ ಕೈಗಳಿಲ್ಲದೆ ಹಲವೆಡೆ ವೆಂಟಿಲೇಟರುಗಳು ಮೂಲೆಗೆ ಬಿದ್ದಿದ್ದವು.

ಗಂಟೆಗಳನ್ನು ಕಡಿಮೆ ಮಾಡುವ ಉಪಾಯಗಳು ಉಂಟು. ಆಯಾ ರೋಗಿಗೆ ತಕ್ಕಂತೆ ಮಾನಿಟರಿನ ಮಿತಿ ಹೊಂದಿಸಬೇಕು, ಎದೆಗೆ ಅಂಟಿಸಿದ ಪಟ್ಟಿಗಳನ್ನು ದಿನಾಲು ಬದಲಿಸಬೇಕು. ಆದರೆ ಇದನ್ನು ಮಾಡುವವರೂ ಆ ದಾದಿಯರೇ. ಪುರಸತ್ತೇ ಇಲ್ಲದವರು ಯಾವಾಗ ಮಾಡಬೇಕು?

ಖರ್ಚು ಎಲ್ಲಿಂದ ತರುವುದೆಂದು ಆಡಳಿತದವರು ಕೇಳುತ್ತಾರೆ. ರೋಗಿಯನ್ನು ಬೆಳಗಾವಿಗೆ ಒಯ್ದು ಬಿಲ್ಲು ತುಂಬಲು ಬಂಗಾರ ಒತ್ತೆ ಇಡುವ ಕಾರ್ಮಿಕನನ್ನು, ಅಂಗಡಿಯ ಸರಕಿನ ಹಣ ಸುರಿಯುವ ಚಿಕ್ಕ ವ್ಯಾಪಾರಿಯನ್ನು ಕೇಳಲಿ! ಅವರು ಹಣ ಕೊಡುವುದು ಗಂಟೆಯ ಸದ್ದಿಗಲ್ಲ, ಗಂಟೆ ಕೇಳಿ ಬರುವ ಮನುಷ್ಯಳಿಗೆ. 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಕೂಡಿದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ದವಾಖಾನೆಯಲ್ಲಿಯೂ ದಾದಿಯ ಸಂಬಳ 20,000 ರೂ.ಗಿಂತ ಕಡಿಮೆ ಇರಕೂಡದೆಂದಿತು. ಸಂಬಳ ಸಾಲದವಳು ಎರಡು ಪಾಳಿಗೆ ಒಪ್ಪುತ್ತಾಳೆ. ಎರಡನೆಯ ಪಾಳಿಯ ದಣಿವಿನ ಬೆಲೆ ತೆರುವವನು ರೋಗಿ.

ನಮ್ಮ ಬೇಡಿಕೆ ಸ್ಪಷ್ಟ. ದಾದಿಯೊಬ್ಬಳಿಗೆ ಎಷ್ಟು ರೋಗಿಗಳೆಂಬುದು ಶಿಫಾರಸಾಗಿ ಉಳಿಯದೆ ದಂಡ ವಿಧಿಸಬಲ್ಲ ಕಾನೂನಾಗಬೇಕು. ಸರಕಾರಿಯಿರಲಿ ಖಾಸಗಿಯಿರಲಿ, ಪ್ರತಿ ಐಸಿಯುವಿನ ಬಾಗಿಲಲ್ಲಿ ಆ ಪಾಳಿಯ ರೋಗಿಗಳೆಷ್ಟು, ದಾದಿಯರೆಷ್ಟು ಎಂದು ಫಲಕ ಹಾಕಬೇಕು. ವಾಚಕರಲ್ಲಿಯೂ ಒಂದು ಮಾತು: ನಿಮ್ಮವರು ಐಸಿಯುವಿನಲ್ಲಿರುವಾಗ ದಾದಿಯ ಮೇಲೆ ರೇಗಬೇಡಿರಿ. ಆಕೆಯ ಪಾಲಿಗೆ ಎಷ್ಟು ಹಾಸಿಗೆಗಳೆಂದು ಆಡಳಿತದವರನ್ನು ಕೇಳಿರಿ, ಉತ್ತರ ಬರುವವರೆಗೂ ಕೇಳಿರಿ. ದಾದಿಯೂ ನಮ್ಮಂತೆ ಪಾಳಿಯಲ್ಲಿ ದುಡಿಯುವವಳು. ಆಕೆಯ ಹೊರೆ ಇಳಿದರೆ ಉಳಿಯುವುದು ನಮ್ಮವರ ಜೀವ.