ಪ್ರಶ್ನೆಗಳನ್ನು ಆರಿಸುವವರ ಹೊಣೆ

ಪ್ರಶ್ನೆ ಕೇಳುವದು ಜ್ಞಾನದ ಮೊದಲ ಮೆಟ್ಟಿಲೆಂದು ಎಲ್ಲರೂ ಹೇಳುವರು. ಆದರೆ ಅನೇಕರು ಒಂದೆಡೆ ಕೂಡಿ ಪ್ರಶ್ನೆ ಕೇಳುವಲ್ಲಿ, ಬಂದ ಪ್ರಶ್ನೆಗಳನ್ನು ಮೊದಲು ಓದಿ, ಇದನ್ನು ಸಭೆಯ ಮುಂದಿಡತಕ್ಕದ್ದು, ಇದನ್ನು ತಿದ್ದತಕ್ಕದ್ದು, ಇದನ್ನು ತಡೆಯತಕ್ಕದ್ದು ಎಂದು ನಿರ್ಣಯಿಸುವವರೊಬ್ಬರು ಇರಲೇಬೇಕಾಗುವದು. ಆ ನಿರ್ಣಯವು ಯಾವ ನಿಯಮದಿಂದ ನಡೆಯಬೇಕೆಂಬ ವಿಚಾರವನ್ನು ಮಾತ್ರ ನಾವು ವಿರಳವಾಗಿ ಮಾಡುವೆವು.

ಕಾಗಿನೆಲೆಯ ಸುತ್ತಲಿನ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ತಾಲೂಕುಗಳ ಹಳ್ಳಿಗಳಿಂದ ಬರುವ ನಮ್ಮ ಬಾಲಿಕೆಯರಲ್ಲಿ ಅನೇಕರು ತರಗತಿಯಲ್ಲಿ ಎದ್ದು ನಿಂತು ಕೇಳಲು ಅಂಜುವರು. ಆದರೆ ಪ್ರಶ್ನೆಪೆಟ್ಟಿಗೆಯಲ್ಲಿ ಚೀಟಿ ಬರೆದು ಹಾಕುವರು. ಆ ಚೀಟಿಯನ್ನು ಬಿಚ್ಚುವ ಕೈ ಹೇಗಿರಬೇಕೆಂಬದೇ ಈ ಲೇಖನದ ವಿಷಯವು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು: ಪ್ರಶ್ನೆಗಳನ್ನು ಆರಿಸುವದು ಅವಶ್ಯ, ಆದರೆ ತೂಗಬೇಕಾದದ್ದು ಪ್ರಶ್ನೆಯನ್ನೇ ಹೊರತು ಕೇಳಿದವಳನ್ನಲ್ಲ, ಮತ್ತು ತಡೆದಲ್ಲಿ ಕಾರಣ ಹೇಳಿ ತಡೆಯಬೇಕು.

ಆರಿಸುವದೇ ಬೇಡ, ಬಂದದ್ದನ್ನೆಲ್ಲ ಓದಿಬಿಡೋಣವೆನ್ನುವವರು ಕೆಲವರುಂಟು. ಹಾಗೆ ಮಾಡಿದರೆ ಒಂದೇ ಪ್ರಶ್ನೆಯು ಹತ್ತು ಸಲ ಬರುವದು. ಸಹಪಾಠಿಯ ಹೆಸರೆತ್ತಿ ಚುಚ್ಚುವ ಚೀಟಿಗಳು ಬರುವವು. ನಿಜವಾಗಿ ತಿಳಿಯಬೇಕೆಂದು ಬರೆದವಳ ಪ್ರಶ್ನೆಯು ಅವುಗಳ ಕೆಳಗೆ ಹೂತುಹೋಗುವದು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯನ್ನು ಹಸನುಮಾಡುವ ಹೆಣ್ಣುಮಕ್ಕಳನ್ನು ನಮ್ಮ ವಾಚಕರೆಲ್ಲ ಕಂಡಿರುವರು. ಅವರು ತೊಟ್ಟನ್ನು ಮುರಿದು ಕಾಯನ್ನು ಉಳಿಸುವರೇ ಹೊರತು, ತೊಟ್ಟಿದೆಯೆಂದು ಕಾಯನ್ನೇ ಎಸೆಯುವದಿಲ್ಲ. ಪ್ರಶ್ನೆಗಳನ್ನು ಆರಿಸುವ ಕೆಲಸವೂ ಇಷ್ಟೇ.

ಆ ಮೆಣಸಿನಕಾಯಿಯ ಮೇಲೆಯೇ ಒಂದು ಚೀಟಿ ಬಂದಿತೆಂದು ತಿಳಿಯಿರಿ: ‘ನಮ್ಮ ಕಡೀ ಮೆಣಸಿನಕಾಯಿ ಅಷ್ಟು ಕೆಂಪಗೈತಿ, ಖಾರ ಯಾಕ ಕಡಿಮಿ?’ ಭಾಷೆಯು ಗ್ರಾಂಥಿಕವಲ್ಲ. ಪಾಠದ ಯಾವ ಪುಟಕ್ಕೂ ಸೇರಿದ್ದಲ್ಲ. ಅವಸರದ ಕೈಯು ಇದನ್ನು ಬದಿಗಿಡುವದು. ಆದರೆ ಕೆಂಪು ಬಣ್ಣಕ್ಕೆ ಮುಖ್ಯ ಕಾರಣವಾದ ಕ್ಯಾಪ್ಸಾಂಥಿನ್ ಎಂಬದು ಬೇರೆ, ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬದು ಬೇರೆ. ಬ್ಯಾಡಗಿಯ ಕಾಯಿಯಲ್ಲಿ ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ. ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆತದ್ದು ಇಂಥ ವಿಶೇಷ ಗುಣಗಳಿಂದಲೇ. ರಸಾಯನಶಾಸ್ತ್ರದ ಒಂದು ಪಾಠವೇ ಆ ಚೀಟಿಯೊಳಗೆ ಅಡಗಿರುವದು. ಹಳ್ಳಿಯ ನುಡಿಯು ಪ್ರಶ್ನೆಯ ದೋಷವಲ್ಲ.

ಸಣ್ಣ ಪ್ರಶ್ನೆಯನ್ನು ಗೌರವಿಸುವದು ದೊಡ್ಡ ವಿದ್ವಾಂಸರಿಗೂ ಶೋಭಿಸುವದೆಂಬದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. 1913ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಪ್ರೊಫೆಸರ ಜಿ. ವೆಂಕಟಸುಬ್ಬಯ್ಯನವರು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹನ್ನಿಘಂಟಿನ ಕಾರ್ಯದಲ್ಲಿ ಅಗ್ರಗಣ್ಯರಾಗಿದ್ದವರು. ಅವರೇ 1991ರಿಂದ ಅನೇಕ ವರ್ಷ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ವೆಂಬ ಅಂಕಣವನ್ನು ನಡೆಸಿ, ಈ ಶಬ್ದದ ಅರ್ಥವೇನು, ಈ ರೂಪವು ಸರಿಯೇ ಎಂದು ಸಾಮಾನ್ಯ ವಾಚಕರು ಕೇಳಿದುದಕ್ಕೆ ಸಮಾಧಾನ ಹೇಳಿದರು. ಆ ಉತ್ತರಗಳು ಮುಂದೆ ಪುಸ್ತಕರೂಪವಾಗಿಯೂ ಬಂದವು. ಇದರಿಂದ ನಾವು ಕಲಿಯತಕ್ಕದ್ದು ಎರಡು. ಯಾವ ಪ್ರಶ್ನೆಯೂ ಚಿಕ್ಕದೆಂಬ ಕಾರಣಕ್ಕೆ ತಿರಸ್ಕಾರಕ್ಕೆ ಯೋಗ್ಯವಲ್ಲ. ಮತ್ತು ಒಮ್ಮೆ ಕೊಟ್ಟ ಉತ್ತರವನ್ನು ಕೂಡಿಸಿಟ್ಟರೆ, ಅದನ್ನೇ ಮತ್ತೆ ಕೇಳಿದವಳನ್ನು ಗದರಿಸದೆ, ‘ಇಗೋ, ಈ ಪುಟದಲ್ಲಿದೆ’ ಎಂದು ತೋರಿಸಬಹುದು.

ಇನ್ನು ನಿಯಮದ ಮಾತು. ದೇಶದ ಅತ್ಯುನ್ನತ ಸಭೆಯಲ್ಲಿಯೂ ಪ್ರಶ್ನೆಗಳನ್ನು ಆರಿಸುವರು. ಲೋಕಸಭೆಯಲ್ಲಿ ಸದಸ್ಯರು ಕೇಳುವ ಪ್ರಶ್ನೆಯು ಸಾಮಾನ್ಯವಾಗಿ 150 ಶಬ್ದಗಳನ್ನು ಮೀರಬಾರದು. ಅದರಲ್ಲಿ ವಾದ, ವ್ಯಂಗ್ಯ, ದೋಷಾರೋಪಗಳಿರಬಾರದು. ಮೊದಲೇ ಉತ್ತರ ದೊರೆತುದನ್ನು ಮತ್ತೆ ಕೇಳಬಾರದು. ಒಪ್ಪುವ ಬಿಡುವ ಅಧಿಕಾರವು ಸಭಾಧ್ಯಕ್ಷರದು. ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ಕಟ್ಟುಪಾಡುಗಳೆಲ್ಲ ಪ್ರಶ್ನೆಯ ಸ್ವರೂಪಕ್ಕೆ ಸಂಬಂಧಿಸಿದವು. ಕೇಳಿದವರು ಯಾವ ಪಕ್ಷದವರು, ಎಷ್ಟು ದೊಡ್ಡವರು ಎಂಬದಕ್ಕೆ ಸಂಬಂಧಿಸಿದವಲ್ಲ. ಅವು ಮೊದಲೇ ಬರೆದಿಟ್ಟವುಗಳಾದ್ದರಿಂದ, ಕೇಳುವವರೂ ಅವನ್ನು ಓದಿ ತಮ್ಮ ಪ್ರಶ್ನೆಯನ್ನು ಹೊಂದಿಸಿಕೊಳ್ಳಬಹುದು.

ಜನಸಾಮಾನ್ಯರಿಗಾಗಿ ಆದ 2005ನೆಯ ಇಸವಿಯ ಮಾಹಿತಿ ಹಕ್ಕು ಕಾಯಿದೆಯು ಇನ್ನೂ ಮುಂದೆ ಹೋಗಿರುವದು. ಕೇಳುವವನು ತಾನು ಏಕೆ ಕೇಳುತ್ತಿರುವೆನೆಂದು ಹೇಳಬೇಕಾಗಿಲ್ಲ. ಆತನಿಗೆ ಬರೆಯಲು ಬಾರದಿದ್ದರೆ, ಬಾಯಿಂದ ಹೇಳಿದ್ದನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗತಕ್ಕದ್ದು. ತಪ್ಪಿ ಬೇರೆ ಕಚೇರಿಗೆ ಬಂದ ಅರ್ಜಿಯನ್ನು ಐದು ದಿನಗಳೊಳಗಾಗಿ ತಕ್ಕ ಕಚೇರಿಗೆ ಕಳಿಸತಕ್ಕದ್ದು. ನಿರಾಕರಿಸಿದರೆ ಅದರ ಕಾರಣವನ್ನೂ, ಯಾರ ಬಳಿಗೆ ಮೇಲ್ಮನವಿ ಒಯ್ಯಬಹುದೆಂಬದನ್ನೂ ತಿಳಿಸತಕ್ಕದ್ದು. ಸರಕಾರದ ಅಧಿಕಾರಿಯು ಒಬ್ಬ ಅಪರಿಚಿತ ಪ್ರಜೆಗೆ ಇಷ್ಟು ಮಾಡಬೇಕೆಂದಿರುವಾಗ, ಉಪಾಧ್ಯಾಯಿನಿಯರಾದ ನಾವು ನಮ್ಮ ಮಕ್ಕಳಿಗೆ ಇದಕ್ಕಿಂತ ಕಡಿಮೆ ಮಾಡುವದು ನ್ಯಾಯವೇ?

ಆದರೆ ಎಲ್ಲ ಪ್ರಶ್ನೆಗಳಿಗೂ ಕೂಡಲೇ ಒಪ್ಪಿಗೆ ಅಥವಾ ನಿರಾಕರಣೆ ಆಗಲೇಬೇಕೆಂದಿಲ್ಲ. ಕಾಗಿನೆಲೆಯ ಆದಿಕೇಶವನನ್ನು ನೆನೆದು ಹಾಡಿದ ಕನಕದಾಸರ ‘ರಾಮಧಾನ್ಯಚರಿತ್ರೆ’ಯಲ್ಲಿ ಭತ್ತಕ್ಕೂ ನರೆದಲೆಗನೆಂಬ ರಾಗಿಗೂ ತಮ್ಮಲ್ಲಿ ಶ್ರೇಷ್ಠರು ಯಾರೆಂಬ ಜಗಳವು ಹುಟ್ಟಿ, ಮಾತು ಕುಲದ ನಿಂದೆಗೆ ಇಳಿಯುವದು. ಶ್ರೀರಾಮನು ಆಗ ತೀರ್ಪನ್ನು ಕೊಡುವದಿಲ್ಲ. ಪ್ರಶ್ನೆಯನ್ನು ಅಳಿಸಿಯೂ ಹಾಕುವದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುವನು. ಅವಧಿ ಮುಗಿದ ಮೇಲೆ ಭತ್ತವು ಸೊರಗಿರುವದು, ರಾಗಿಯು ಗಟ್ಟಿಯಾಗಿರುವದು. ನಿಂದೆಯನ್ನು ನಿಲ್ಲಿಸಿ ಪ್ರಶ್ನೆಯನ್ನು ಕಾಯ್ದಿರಿಸುವ ಈ ಉಪಾಯವು ನಮಗೂ ಒದಗುವಂಥದು. ಇದೇ ಕನಕದಾಸರ ಮುಂಡಿಗೆಗಳನ್ನು ಮೇಲುನೋಟಕ್ಕೆ ಅರ್ಥವಾಗಲಿಲ್ಲವೆಂದು ಹಿಂದಿನವರು ಬಿಸಾಡಿದ್ದರೆ ಕನ್ನಡಕ್ಕೆ ಎಷ್ಟು ನಷ್ಟವಾಗುತ್ತಿತ್ತು! ತಿಳಿಯಲಾರದ ಚೀಟಿಯನ್ನು ಹರಿಯುವ ಮೊದಲು, ತಿಳಿಯದಿರುವ ದೋಷವು ಚೀಟಿಯದೋ ಓದುವವರದೋ ಎಂದು ಒಂದು ದಿನ ತಡೆದು ನೋಡಬೇಕು.

ಈಗ ಎಲ್ಲಕ್ಕಿಂತ ಗುರುತರವಾದ ಮಾತಿಗೆ ಬರುವೆವು. ಬಾಲಿಕೆಯರ ಶಾಲೆಯ ಪೆಟ್ಟಿಗೆಯಲ್ಲಿ ಮುಟ್ಟಿನ ವಿಷಯ, ಮೈಯ ಬೆಳವಣಿಗೆಯ ವಿಷಯ ಬರುವದು ಸಹಜ. ಇವನ್ನು ಅಸಭ್ಯವೆಂದು ಹರಿದೊಗೆದರೆ ಆ ಹುಡುಗಿಯು ಅರೆತಿಳಿದವರ ಬಾಯಿಂದ ತಪ್ಪು ಉತ್ತರವನ್ನು ಪಡೆಯುವಳು. ಇವು ಆರೋಗ್ಯದ ಪ್ರಶ್ನೆಗಳು. ದಾದಿಯರೋ ತಿಳಿದ ಉಪಾಧ್ಯಾಯಿನಿಯರೋ ನಿಸ್ಸಂಕೋಚವಾಗಿ ಉತ್ತರಿಸತಕ್ಕವು.

ಇನ್ನು ಕೆಲವು ಚೀಟಿಗಳು ಪ್ರಶ್ನೆಯ ಉಡುಪಿನಲ್ಲಿರುವ ಮೊರೆಗಳು. ‘ಮದುವೆಗೆ ಎಷ್ಟು ವರ್ಷವಾಗಿರಬೇಕು?’ ಎಂದು ಒಂಬತ್ತನೆಯ ತರಗತಿಯವಳು ಬರೆದರೆ, 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಹೆಣ್ಣಿಗೆ 18 ತುಂಬಿರಬೇಕೆಂದು ಫಲಕದ ಮೇಲೆ ಬರೆದು ಕೈತೊಳೆದುಕೊಳ್ಳುವದು ಸಾಲದು. ಅವಳ ಮನೆಯಲ್ಲಿ ಏನು ನಡೆದಿದೆಯೆಂದು ಸಮಾಧಾನದಿಂದ ವಿಚಾರಿಸಬೇಕು. ಯಾರೋ ತನ್ನನ್ನು ಪೀಡಿಸುವರೆಂಬ ಸುಳಿವು ಚೀಟಿಯಲ್ಲಿದ್ದರಂತೂ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಕಾಯಿದೆಯು ಅಂಥ ಅಪರಾಧವನ್ನು ತಿಳಿದವರೆಲ್ಲರ ಮೇಲೆ ಪೋಲೀಸರಿಗೆ ತಿಳಿಸುವ ಹೊಣೆಯನ್ನು ಹೊರಿಸಿರುವದು. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯು ಪೆಟ್ಟಿಗೆಯ ಮೇಲೆಯೇ ಬರೆದಿರಬೇಕು. ಇಂಥ ಚೀಟಿಯನ್ನು ಸಭೆಯಲ್ಲಿ ಓದುವದೂ ತಪ್ಪು, ಬುಟ್ಟಿಗೆ ಹಾಕುವದೂ ತಪ್ಪು. ಆರಿಸುವವರು ನಿದ್ದೆಗಣ್ಣಿನಲ್ಲಿ ಮಾಡುವ ಕೆಲಸ ಇದಲ್ಲವೆಂಬದು ಇದರಿಂದ ಗೊತ್ತಾಗುವದು.

ಹೆಸರಿಲ್ಲದ ಚೀಟಿಗಳಿಂದ ಶಿಸ್ತು ಕೆಡುವದೆಂದು ಹಿರಿಯರು ಆಕ್ಷೇಪಿಸುವರು. ಕುಚೇಷ್ಟೆಯ ಚೀಟಿಗಳು ಬರುವದು ನಿಜ. ಅವನ್ನು ತಡೆಯುವದಕ್ಕಾಗಿಯೇ ಆರಿಸುವವರಿರುವರು. ಆದರೆ ಹೆಸರನ್ನು ಕಡ್ಡಾಯ ಮಾಡಿದರೆ ಕುಚೇಷ್ಟೆಯವಳಿಗಿಂತ ಮೊದಲು ಅಂಜುಬುರುಕಿಯು ಬರೆಯುವದನ್ನು ಬಿಡುವಳು. ಹೆಸರಿನ ಬದಲು ತಾನೇ ಆರಿಸಿದ ಒಂದು ಅಂಕೆಯನ್ನು ಆಕೆ ಬರೆಯಲಿ. ಓದದೆ ಉಳಿಸಿದ ಚೀಟಿಯ ಕಾರಣವನ್ನು ಆ ಅಂಕೆಯೊಡನೆ ಫಲಕದ ಮೇಲೆ ಒಂದೇ ಸಾಲಿನಲ್ಲಿ ಬರೆಯಬಹುದು. ಪೆಟ್ಟಿಗೆಯನ್ನು ಒಬ್ಬರೇ ಬಿಚ್ಚದೆ ಇಬ್ಬರು ಉಪಾಧ್ಯಾಯಿನಿಯರು ಬಿಚ್ಚಲಿ. ಪಾಠದ ಪ್ರಶ್ನೆಗಳನ್ನು ವಿಂಗಡಿಸುವಲ್ಲಿ ಹತ್ತನೆಯ ತರಗತಿಯ ಬಾಲಿಕೆಯರನ್ನೂ ಸರದಿಯಂತೆ ಕೂಡಿಸಿಕೊಳ್ಳಲಿ. ನ್ಯಾಯವಾಗಿ ತೂಗುವದು ಅವರೂ ಕಲಿಯತಕ್ಕ ವಿದ್ಯೆಯೇ. ಗುಟ್ಟಿನ ಚೀಟಿಗೆ ಬೇರೊಂದು ಪೆಟ್ಟಿಗೆಯೂ ಬೇರೊಂದು ಕೀಲಿಯೂ ಇರಲಿ.

ಒಂದು ಶಾಲೆಯ ಪ್ರಶ್ನೆಪೆಟ್ಟಿಗೆಯು ಚೆನ್ನಾಗಿ ನಡೆದಿದೆಯೋ ಇಲ್ಲವೋ ಎಂಬದನ್ನು ತಿಳಿಯಲು ಚೀಟಿಗಳನ್ನು ಎಣಿಸುವದು ಬೇಡ. ಒಮ್ಮೆ ತಡೆಯಲ್ಪಟ್ಟವಳು ತನ್ನ ಪ್ರಶ್ನೆಯನ್ನು ತಿದ್ದಿಕೊಂಡು ಎರಡನೆಯ ಸಲ ಬರುವಳೋ ಎಂಬದನ್ನು ನೋಡಿದರೆ ಸಾಕು. ಅವಳು ಬರುವಂತೆ ಮಾಡುವದು ಆರಿಸುವವರ ಕೈಯಲ್ಲಿರುವದು. ನಮ್ಮ ಸಹೋದ್ಯೋಗಿಗಳೂ, ಈ ಶಾಲೆಯಲ್ಲಿ ಕಲಿತು ಈಗ ತಾವೇ ಉಪಾಧ್ಯಾಯಿನಿಯರಾಗಿರುವ ಸಹೋದರಿಯರೂ ತಮ್ಮ ತಮ್ಮ ಶಾಲೆಗಳಲ್ಲಿ ಈ ಕೆಲಸವನ್ನು ಹಗುರಾಗಿ ಎಣಿಸಬಾರದೆಂದು ನಮ್ಮ ವಿನಂತಿ.