ಬೀಳದ ಗೋಲಿನ ಲೆಕ್ಕ

ಸೊಲ್ಲಾಪುರದಿಂದ ಹೈದರಾಬಾದಿನ ಹಾದಿ ಹಿಡಿದವನಿಗೆ ಸಿಗುವ ನಮ್ಮ ಬೋರಾಮಣಿಯಲ್ಲಾಗಲಿ, ಅಲ್ಲಿಂದ ತೆಂಕಣಕ್ಕೆ ಅಕ್ಕಲಕೋಟೆಯವರೆಗೆ ಹಬ್ಬಿರುವ ಕನ್ನಡ ಮರಾಠಿಗಳೆರಡೂ ಬೆರೆತ ಹಳ್ಳಿಗಳಲ್ಲಾಗಲಿ, ಕಬಡ್ಡಿಯ ಪಂದ್ಯಾವಳಿ ಮುಗಿದು ಬಹುಮಾನ ಹಂಚುವ ಹೊತ್ತಿಗೆ ಗೆದ್ದ ತಂಡದ ಹೆಸರಿನ ಜೊತೆಗೆ ಇನ್ನೆರಡು ಹೆಸರುಗಳನ್ನು ಧ್ವನಿವರ್ಧಕದಲ್ಲಿ ಕೂಗುವ ವಾಡಿಕೆಯುಂಟು: ಒಂದು ಉತ್ಕೃಷ್ಟ ಚಢಾಯಿಯದು, ಇನ್ನೊಂದು ಉತ್ಕೃಷ್ಟ ಪಕಡಿನದು. ಎದುರಾಳಿಯ ಅಂಗಳಕ್ಕೆ ನುಗ್ಗಿ ಮುಟ್ಟಿ ಬಂದವನಿಗೆ ಯಾವ ಮರ್ಯಾದೆಯೋ, ಹಾಗೆ ನುಗ್ಗಿ ಬಂದವನ ಹಿಮ್ಮಡಿ ಹಿಡಿದು ಮಣ್ಣಿಗೆ ಕೆಡವಿದವನಿಗೂ ಅದೇ ಮರ್ಯಾದೆ ಎಂಬ ಈ ನ್ಯಾಯವನ್ನು ನಮ್ಮ ಊರುಗಳಿಗೆ ಯಾರೂ ಬಂದು ಬೋಧಿಸಿದ್ದಲ್ಲ. ಆದರೆ ಭೂಮಂಡಲದಲ್ಲೆಲ್ಲ ಪ್ರಸಾರ ಪಡೆದು, ಸಂಪತ್ತಿನಲ್ಲಿ ಮಿಕ್ಕೆಲ್ಲ ಆಟಗಳನ್ನೂ ಹಿಂದೆ ಹಾಕಿರುವ ಫುಟ್‌ಬಾಲಿಗೆ ಮಾತ್ರ ಈ ವಿವೇಕವು ಇಂದಿಗೂ ಪೂರ್ತಿಯಾಗಿ ದಕ್ಕಿಲ್ಲ.

ಜಾಗತಿಕ ಸಂಸ್ಥೆಯಾದ ಫಿಫಾ ತನ್ನ ವಿಶ್ವಕಪ್ಪಿನಲ್ಲಿ ಶ್ರೇಷ್ಠ ಆಟಗಾರನಿಗೆ ಚಿನ್ನದ ಚೆಂಡನ್ನೂ, ಅತ್ಯಧಿಕ ಗೋಲು ಹೊಡೆದವನಿಗೆ ಚಿನ್ನದ ಬೂಟನ್ನೂ 1982ರಿಂದ ಕೊಡುತ್ತ ಬಂದಿದೆ. 1994ರಲ್ಲಿ ಗೋಲ್‌ಕೀಪರನಿಗೂ ಒಂದು ಪ್ರಶಸ್ತಿ ಏರ್ಪಟ್ಟಿತು. ತರುಣ ಆಟಗಾರನಿಗೊಂದು, ಸಭ್ಯವಾಗಿ ಆಡಿದ ತಂಡಕ್ಕೊಂದು ಎಂದು ಪಟ್ಟಿ ಬೆಳೆಯಿತಾದರೂ ಡಿಫೆಂಡರನ ಪಾಲಿಗೆ ಬಂದದ್ದು ಶೂನ್ಯ. 1956ರಲ್ಲಿ ಫ್ರಾನ್ಸಿನ ಪತ್ರಿಕೆಯೊಂದು ಆರಂಭಿಸಿದ ಬ್ಯಾಲನ್ ಡಿ'ಓರ್ ಪ್ರಶಸ್ತಿಯ ಚರಿತ್ರೆಯನ್ನು ನೋಡಿದರೆ, ಪುರುಷ ಡಿಫೆಂಡರರಲ್ಲಿ ಅದು ದೊರೆತದ್ದು ಬೆಕೆನ್‌ಬೌರ್, ಜಾಮರ್ ಎಂಬ ಇಬ್ಬರು ಜರ್ಮನರಿಗೆ, ಮತ್ತು 2006ರಲ್ಲಿ ಇಟಲಿಯ ಫಾಬಿಯೊ ಕನ್ನವಾರೊಗೆ. ಆ ವರ್ಷದ ವಿಶ್ವಕಪ್ಪಿನಲ್ಲಿ ಕನ್ನವಾರೊನ ನಾಯಕತ್ವದ ಇಟಲಿಯ ಗೋಲಿನೊಳಗೆ ಏಳು ಪಂದ್ಯಗಳಲ್ಲಿ ಬಿದ್ದವು ಎರಡೇ ಗೋಲು. ಅವುಗಳಲ್ಲಿ ಒಂದು ತಮ್ಮವನೇ ಹೊಡೆದುಕೊಂಡದ್ದು, ಇನ್ನೊಂದು ಫೈನಲಿನಲ್ಲಿ ಫ್ರಾನ್ಸಿನ ಜಿದಾನನ ಪೆನಾಲ್ಟಿ. ಇಂತಪ್ಪ ಅಪೂರ್ವ ಸಾಧನೆಯಿದ್ದರೆ ಮಾತ್ರ ರಕ್ಷಣೆಯ ಕಡೆಗೆ ಲೋಕದ ಕಣ್ಣು ಒಮ್ಮೆ ಹೊರಳುತ್ತದೆಂದು ಬಗೆಯಬೇಕಾಗಿದೆ.

ಈ ಅನ್ಯಾಯವನ್ನು ಎತ್ತಿ ತೋರಿಸಲು ಗಯೆತಾನೊ ಶಿರೆಯಾನ ವೃತ್ತಿಜೀವನಕ್ಕಿಂತ ಯೋಗ್ಯವಾದ ನಿದರ್ಶನ ನನಗೆ ಕಾಣದು. 1953ರಲ್ಲಿ ಮಿಲಾನಿನ ಸಮೀಪದ ಚೆರ್ನುಸ್ಕೊ ಎಂಬ ಊರಿನಲ್ಲಿ ಹುಟ್ಟಿ, ಅಟಲಾಂಟ ತಂಡದಲ್ಲಿ ಆಟವನ್ನು ಕಲಿತು, 1974ರಲ್ಲಿ ಟ್ಯೂರಿನ್ನಿನ ಯುವೆಂಟಸ್ ಸೇರಿದ ಆತನು ಹದಿನಾಲ್ಕು ವರ್ಷ ಅದೇ ತಂಡದಲ್ಲಿದ್ದು 552 ಪಂದ್ಯಗಳನ್ನಾಡಿ, ಏಳು ಬಾರಿ ಇಟಲಿಯ ಲೀಗನ್ನೂ, ಯುರೋಪಿನ ಅಂದಿನ ಮೂರು ಪ್ರಮುಖ ಕ್ಲಬ್ ಕಪ್ಪುಗಳನ್ನೂ ಗೆದ್ದು, ದೇಶಕ್ಕಾಗಿ 78 ಪಂದ್ಯಗಳನ್ನೂ ಮೂರು ವಿಶ್ವಕಪ್ಪುಗಳನ್ನೂ ಆಡಿ, ಇಷ್ಟೆಲ್ಲದರ ನಡುವೆ ಒಮ್ಮೆಯೂ ಕೆಂಪು ಕಾರ್ಡು ಕಾಣದೆ 1988ರಲ್ಲಿ ನಿವೃತ್ತನಾದನು. ಅನ್ಯರನ್ನು ತಡೆಯುವುದೇ ಕಸುಬಾಗಿದ್ದವನು ಹೀಗೆ ನಿಷ್ಕಳಂಕನಾಗಿ ಉಳಿದುದು ಸ್ವಭಾವದ ಸೌಮ್ಯತೆಯಿಂದಷ್ಟೇ ಎಂದು ಹೇಳುವವರುಂಟು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಚೆಂಡು ಎಲ್ಲಿಗೆ ಬರಲಿದೆಯೆಂಬುದನ್ನು ಎದುರಾಳಿಗಿಂತ ಒಂದು ಕ್ಷಣ ಮುಂಚೆ ಅರಿತು ಅಲ್ಲಿ ಹೋಗಿ ನಿಂತವನಿಗೆ ಕಾಲು ಚಾಚುವ, ಅಂಗಿ ಹಿಡಿಯುವ ಪ್ರಮೇಯವೇ ಒದಗುವುದಿಲ್ಲ. ಆತನ ಸಭ್ಯತೆಯ ಬೇರು ಇದ್ದುದು ಬುದ್ಧಿಯಲ್ಲಿ.

ಆತನು ನಿಲ್ಲುತ್ತಿದ್ದ ಸ್ಥಾನಕ್ಕೆ ಇಟಲಿಯಲ್ಲಿ ಲಿಬೆರೊ ಎಂದು ಹೆಸರು. 1930ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಕಾರ್ಲ್ ರಾಪ್ಪನ್ ಎಂಬ ತರಬೇತುದಾರನು ರೂಪಿಸಿದ ರಕ್ಷಣಾವ್ಯೂಹವು ಇಟಲಿಗೆ ಬಂದು, ರೊಕ್ಕೊ ಮತ್ತು ಎರೇರಾ ಎಂಬಿಬ್ಬರ ಕೈಯಲ್ಲಿ ಪಕ್ವವಾಗಿ, 1960ರ ದಶಕದಲ್ಲಿ ಮಿಲಾನ್ ನಗರದ ಎರಡೂ ತಂಡಗಳಿಗೆ ಯುರೋಪಿನ ಕಿರೀಟವನ್ನು ತಂದುಕೊಟ್ಟಿತು. ಒಬ್ಬೊಬ್ಬ ಡಿಫೆಂಡರನಿಗೆ ಒಬ್ಬೊಬ್ಬ ಎದುರಾಳಿಯನ್ನು ಗಂಟುಹಾಕಿ, ಅವರೆಲ್ಲರ ಹಿಂದೆ ಯಾರ ಹೊಣೆಯೂ ಇಲ್ಲದ, ಆದಕಾರಣ ಎಲ್ಲರ ಹೊಣೆಯೂ ಉಳ್ಳ ಒಬ್ಬನನ್ನು ನಿಲ್ಲಿಸುವುದು ಅದರ ಮರ್ಮ. ಬೋರಾಮಣಿಯಿಂದ ಅದೇ ಹೈದರಾಬಾದಿನ ರಸ್ತೆಯಲ್ಲಿ ಇನ್ನಷ್ಟು ಮೂಡಲಿಗೆ ಹೋಗಿ ನಳದುರ್ಗವನ್ನು ಕಂಡವರಿಗೆ ಇದನ್ನು ತಿಳಿಸುವುದು ಸುಲಭ: ಕೋಟೆಯ ಗೋಡೆಗಳು ಗೋಡೆಗಳ ಕೆಲಸ ಮಾಡುತ್ತಿರಲು, ಅವುಗಳಿಂದ ಬಿಡಿಯಾಗಿ ಒಳಗೆ ಎತ್ತರಕ್ಕೆ ನಿಂತ ಉಪಳಿ ಬುರುಜು ಸುತ್ತಣ ಸೀಮೆಯನ್ನೆಲ್ಲ ಕಾಣುವಂತೆ, ಶಿರೆಯಾ ಇಡೀ ಮೈದಾನವನ್ನು ಕಾಣುತ್ತಿದ್ದನು.

ಬುರುಜಿಗೆ ಇಲ್ಲದ ಒಂದು ಅನುಕೂಲ ಆತನಿಗಿತ್ತು. ಬೇಕೆಂದಾಗ ಮುಂದಕ್ಕೆ ಹೊರಡಬಲ್ಲವನಾಗಿದ್ದನು. 1982ರ ಜುಲೈ 11ರಂದು ಮ್ಯಾಡ್ರಿಡ್ಡಿನಲ್ಲಿ ಪಶ್ಚಿಮ ಜರ್ಮನಿಯೊಡನೆ ನಡೆದ ವಿಶ್ವಕಪ್ ಫೈನಲಿನ 69ನೆಯ ನಿಮಿಷವನ್ನು ನಿಧಾನವಾಗಿ ನೋಡಬೇಕು. ಇಟಲಿ ಒಂದು ಗೋಲಿನಿಂದ ಮುಂದಿದೆ. ಸಾಮಾನ್ಯ ವಿವೇಕದಂತೆ ಹಿಂದೆ ಕಾವಲು ನಿಲ್ಲಬೇಕಾದ ಶಿರೆಯಾ ಜರ್ಮನಿಯ ಪೆನಾಲ್ಟಿ ಚೌಕದೊಳಗಿದ್ದಾನೆ. ಅವನ ಜೊತೆಗಿರುವವನೂ ಮತ್ತೊಬ್ಬ ಡಿಫೆಂಡರನೇ, ಹದಿನೆಂಟರ ಹರೆಯದ ಬೆರ್ಗೊಮಿ. ತಮ್ಮ ಮನೆಯಂಗಳದಲ್ಲಿ ಆಡುವವರಂತೆ ಇಬ್ಬರೂ ಚೆಂಡನ್ನು ಕೊಟ್ಟು ಕೊಂಡು ಮಾಡುತ್ತಾರೆ. ಜರ್ಮನರು ಅವರತ್ತ ಸೆಳೆಯಲ್ಪಟ್ಟು ನಿಂತಿರಲು, ಶಿರೆಯಾ ಚೌಕದಂಚಿಗೆ ಓಡಿಬಂದ ತರ್ದೆಲ್ಲಿಗೆ ಅದನ್ನು ಒಪ್ಪಿಸುತ್ತಾನೆ. ತರ್ದೆಲ್ಲಿ ಬೀಳುತ್ತ ಬೀಳುತ್ತಲೇ ಎಡಗಾಲಿನಿಂದ ಹೊಡೆಯುತ್ತಾನೆ. ಆ ಮೇಲೆ ಎರಡೂ ಮುಷ್ಟಿ ಬಿಗಿದು, ತಲೆಯಲ್ಲಾಡಿಸುತ್ತ, ಕೂಗುತ್ತ ಓಡಿದ ತರ್ದೆಲ್ಲಿಯ ಚಿತ್ರವನ್ನು ಕಾಣದ ಫುಟ್‌ಬಾಲ್ ಪ್ರಿಯರು ವಿರಳ. ಇಟಲಿ 3-1ರಲ್ಲಿ ಗೆದ್ದಿತು. ಆ ವರ್ಷ ಮೊತ್ತಮೊದಲಾಗಿ ಕೊಟ್ಟ ಚಿನ್ನದ ಚೆಂಡು, ಚಿನ್ನದ ಬೂಟು ಎರಡೂ ಆರು ಗೋಲು ಹೊಡೆದ ಪಾವ್ಲೊ ರೊಸ್ಸಿಗೇ ಸಂದವು. ರೊಸ್ಸಿಯ ಯೋಗ್ಯತೆಯನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಚೆಂಡನ್ನು ಒಪ್ಪಿಸಿದವನ ಹೆಸರು ಎಷ್ಟು ಜನರ ನಾಲಗೆಯ ಮೇಲಿದೆ?

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡದೆ ಮುಂದೆ ಹೋಗಲಾಗದು. ಇಟಲಿಯ ರಕ್ಷಣೆಯೆಂದರೆ ಶಿರೆಯಾನ ಸೌಜನ್ಯವೊಂದೇ ಅಲ್ಲ; ಅದೇ ತಂಡದಲ್ಲಿ, ಅದೇ ವಿಶ್ವಕಪ್ಪಿನಲ್ಲಿ, ಕ್ಲಾವ್ದಿಯೊ ಜೆಂತಿಲೆ ಎಂಬಾತನು ಅರ್ಜೆಂಟೀನದ ಮರಡೋನಾನನ್ನು ತೊಂಬತ್ತು ನಿಮಿಷವೂ ಒದ್ದು ಎಳೆದು ಕಾಡಿದನು, ಬ್ರೆಜಿಲಿನ ಜೀಕೊನ ಅಂಗಿಯನ್ನಂತೂ ಹರಿದೇ ಬಿಟ್ಟನು. ಇಬ್ಬರೂ ಯುವೆಂಟಸ್ಸಿನವರೇ, ವರ್ಷಾನುಗಟ್ಟಲೆ ಜೊತೆಗೆ ಆಡಿದವರೇ. ಎದುರಾಳಿಯ ಮೈಗೆ ಮೈ ತಾಗಿಸಿ ನಿಲ್ಲುವ ಹೊಲಸು ಕೆಲಸವನ್ನು ಜೆಂತಿಲೆ ಹೊತ್ತುಕೊಂಡದ್ದರಿಂದಲೇ ಶಿರೆಯಾನ ಅಂಗಿಗೆ ಕಲೆ ಅಂಟಲಿಲ್ಲವೆಂಬ ವಾದದಲ್ಲಿ ಹುರುಳಿದೆ, ಮತ್ತು ಅದನ್ನು ಮುಚ್ಚಿಟ್ಟು ಶಿರೆಯಾನನ್ನು ಸಂತನನ್ನಾಗಿ ಮಾಡುವ ಬರಹಗಳು ನನಗೆ ರುಚಿಸುವುದಿಲ್ಲ. ಆದರೂ ಜೆಂತಿಲೆಯನ್ನು ದಾಟಿ ಬಂದವರು ಇದ್ದೇ ಇದ್ದರು. ಅವರೆದುರು ಕಡೆಯವನಾಗಿ ನಿಂತವನು ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ರೆಫರಿಯಿಂದ ಹೊರಹಾಕಿಸಿಕೊಳ್ಳಲಿಲ್ಲವೆಂಬುದು ಅನ್ಯರ ಆಸರೆಯಿಂದಷ್ಟೇ ಸಾಧ್ಯವಾಗುವ ಮಾತಲ್ಲ. ಆತನ ಸಂಯಮ ಆಟಕ್ಕಷ್ಟೇ ಸೀಮಿತವೂ ಆಗಿರಲಿಲ್ಲ: 1985ರ ಮೇ 29ರಂದು ಬ್ರಸೆಲ್ಸಿನ ಹೈಸೆಲ್ ಕ್ರೀಡಾಂಗಣದಲ್ಲಿ ಯುವೆಂಟಸ್ಸಿನ ಪಂದ್ಯಕ್ಕೆ ಮುನ್ನವೇ ಗೋಡೆ ಕುಸಿದು 39 ಮಂದಿ ಸತ್ತಾಗ, ನಾಯಕನಾಗಿ ಧ್ವನಿವರ್ಧಕದ ಮುಂದೆ ನಿಂತು ಜನರನ್ನು ಶಾಂತರಾಗಿರಿ ಎಂದು ಬೇಡಿಕೊಂಡವನೂ ಆತನೇ. ಮುಂದೆ ಗೆಳೆಯ ದೀನೊ ಜೋಫನ ಕೆಳಗೆ ಸಹಾಯಕ ತರಬೇತುದಾರನಾಗಿ, ಎದುರಾಳಿ ತಂಡದ ಆಟವನ್ನು ನೋಡಿ ಬರಲು ಪೋಲೆಂಡಿಗೆ ಹೋಗಿದ್ದಾಗ, 1989ರ ಸೆಪ್ಟೆಂಬರ್ 3ರಂದು, ಪೆಟ್ರೋಲಿನ ಡಬ್ಬಿಗಳನ್ನು ಹೇರಿಕೊಂಡಿದ್ದ ಕಾರು ಅಪಘಾತಕ್ಕೀಡಾಗಿ ಹೊತ್ತಿ ಉರಿದು, ಮೂವತ್ತಾರರ ಪ್ರಾಯದಲ್ಲಿ ತೀರಿಕೊಂಡನು.

ಇದೆಲ್ಲ ದೂರದ ದೇಶದ ಮಾತಾಯಿತೆನ್ನುವವರು ನಮ್ಮ ನಾಡಿನ ನೆನಪುಗಳನ್ನೇ ಪರೀಕ್ಷಿಸಿ ನೋಡಲಿ. ಇಂಡಿಯನ್ ಸೂಪರ್ ಲೀಗ್ ಆರಂಭವಾದ 2014ರ ಋತುವಿನಲ್ಲಿ ಚೆನ್ನೈ ತಂಡಕ್ಕೆ ಇಟಲಿಯ ಇಬ್ಬರು ಡಿಫೆಂಡರರು ಬಂದರು: ಮಾರ್ಕೊ ಮಾತೆರಾಜಿ ಮತ್ತು ಅಲೆಸ್ಸಾಂದ್ರೊ ನೆಸ್ತಾ. ನೆಸ್ತಾ ತನ್ನ ಪೀಳಿಗೆಯ ಅತ್ಯುತ್ತಮ ರಕ್ಷಕರಲ್ಲಿ ಒಬ್ಬನೆಂಬುದು ಬಲ್ಲವರ ಅಭಿಮತ. ಜನ ಗುರುತು ಹಿಡಿದದ್ದು ಮಾತೆರಾಜಿಯನ್ನು, ಅದೂ 2006ರ ಫೈನಲಿನಲ್ಲಿ ಜಿದಾನನ ತಲೆಯ ಹೊಡೆತವನ್ನು ಎದೆಗೆ ತಿಂದವನೆಂದು. 2018ರ ಮಾರ್ಚ್ 17ರಂದು ನಮ್ಮ ಬೆಂಗಳೂರು ತಂಡವು ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿಯ ಗೋಲಿನಿಂದ ಮೊದಲು ಮುಂದಾಗಿ, ಕಡೆಗೆ ಅದೇ ಚೆನ್ನೈಗೆ 3-2ರಿಂದ ಸೋತ ಫೈನಲನ್ನು ಮರೆಯದವರು ಬ್ರೆಜಿಲಿನ ಮೈಲ್ಸನ್ ಆಲ್ವೆಸನನ್ನೂ ಮರೆತಿರಲಾರರು. ಆತನೂ ಡಿಫೆಂಡರನೇ, ಆದರೆ ನೆನಪಿನಲ್ಲಿ ಉಳಿದಿರುವುದು ತಲೆಯಿಂದ ಹೊಡೆದ ಆ ಎರಡು ಗೋಲುಗಳಿಗಾಗಿ. ತನ್ನ ಕೆಲಸವನ್ನು ಬಿಟ್ಟು ಪರರ ಕೆಲಸ ಮಾಡಿದಾಗಲೇ ರಕ್ಷಕನಿಗೆ ಹೆಸರು ಬರುವುದಾದರೆ ಇದು ಎಂತಹ ನ್ಯಾಯ!

ಕಬಡ್ಡಿಯಲ್ಲಿ ಹಿಡಿತಕ್ಕೂ ಅಂಕವಿರುವುದರಿಂದ ಹಿಡಿದವನು ಲೆಕ್ಕದ ಪುಸ್ತಕದಲ್ಲಿ ತಾನಾಗಿ ಕಾಣಿಸಿಕೊಳ್ಳುತ್ತಾನೆ. ಫುಟ್‌ಬಾಲಿನಲ್ಲಿ ಬೀಳದ ಗೋಲಿಗೆ ಅಂಕವಿಲ್ಲ. ಈಚೆಗೆ ಯಂತ್ರಗಳ ನೆರವಿನಿಂದ ಪ್ರತಿಯೊಬ್ಬ ಡಿಫೆಂಡರನು ಎಷ್ಟು ಸಲ ಚೆಂಡು ಕಸಿದನು, ಎಷ್ಟು ಸಲ ಅಡ್ಡಬಂದನು ಎಂದು ಎಣಿಸುವ ಕ್ರಮ ಬಂದಿದೆಯೆಂಬುದೇನೋ ದಿಟ. ಆದರೆ ಶಿರೆಯಾನಂಥವನು ಸರಿಯಾದ ತಾವಿನಲ್ಲಿ ನಿಂತದ್ದನ್ನು ಕಂಡೇ ಎದುರಾಳಿಯು ಚೆಂಡನ್ನು ಆ ಕಡೆಗೆ ಕೊಡದೆ ಬೇರೆ ಕಡೆಗೆ ತಿರುಗಿಸಿದರೆ, ಅಲ್ಲಿ ಕಸಿದದ್ದೂ ಇಲ್ಲ, ಅಡ್ಡಬಂದದ್ದೂ ಇಲ್ಲ; ಎಣಿಕೆಯ ಯಂತ್ರಕ್ಕೆ ಏನೂ ನಡೆಯಲಿಲ್ಲ. ಅದನ್ನು ಬಲ್ಲವರು ಇಬ್ಬರೇ: ನಿಂತವನು ಮತ್ತು ತಿರುಗಿಸಿದವನು.

ಆದ್ದರಿಂದ ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಾಗಲಿ ಕರ್ನಾಟಕದಲ್ಲಾಗಲಿ ಶಾಲಾ ಕಾಲೇಜುಗಳ ಫುಟ್‌ಬಾಲ್ ಪಂದ್ಯಾವಳಿಗಳನ್ನು ನಡೆಸುವವರಲ್ಲಿ ನನ್ನ ಸೂಚನೆ ಇಷ್ಟು: ಉತ್ತಮ ಡಿಫೆಂಡರನಿಗೊಂದು ಬಹುಮಾನವನ್ನು ಇಡಿ, ಮತ್ತು ಅದರ ಆಯ್ಕೆಯನ್ನು ವೇದಿಕೆಯ ಮೇಲಿನ ಗಣ್ಯರಿಗೆ ಬಿಡದೆ, ಸೋತ ತಂಡಗಳ ಮುಂಚೂಣಿಯ ಆಟಗಾರರ ಕೈಗೆ ಒಂದೊಂದು ಚೀಟಿ ಕೊಟ್ಟು, ತಮ್ಮನ್ನು ಅತಿ ಹೆಚ್ಚು ಕಾಡಿದವನ ಹೆಸರನ್ನು ಬರೆಯಿಸಿ. ಹುಡುಗರು ಕುಚೋದ್ಯಕ್ಕೆ ಅಡ್ಡಾದಿಡ್ಡಿ ಬರೆದಾರೆಂಬ ಶಂಕೆ ಬೇಡ. ಪಂದ್ಯಾವಳಿಯಿಂದ ಆಗಲೇ ಹೊರಬಿದ್ದವರಿಗೆ ಸುಳ್ಳು ಬರೆದು ಆಗಬೇಕಾದ ಲಾಭವೇನೂ ಇಲ್ಲ, ಮೇಲಾಗಿ ತಮ್ಮ ಸೋಲಿಗೆ ಒಬ್ಬ ಸಮರ್ಥನ ಹೆಸರನ್ನು ಕಾರಣವಾಗಿ ತೋರಿಸುವ ಅವಕಾಶ ಸಿಕ್ಕರೆ ಯಾವ ಫಾರ್ವರ್ಡನೂ ಅದನ್ನು ಬಿಟ್ಟುಕೊಡಲಾರನು.